ವರ್ಗಣಿಯ ವೈದ್ಯನೂ ವಿಮೆಯ ಕಂಪೆನಿಯೂ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ೨೦೨೫ನೆಯ ಜುಲೈ ೪ರಂದು ಅಧ್ಯಕ್ಷರ ಸಹಿಯನ್ನು ಪಡೆದ ದೊಡ್ಡ ತೆರಿಗೆ ಶಾಸನದೊಳಗೆ ಒಂದು ಚಿಕ್ಕ ಕಲಮು ಇದೆ. ೨೦೨೬ನೆಯ ಜನವರಿ ೧ರಿಂದ ಜಾರಿಗೆ ಬಂದಿರುವ ಆ ಕಲಮಿನ ತಾತ್ಪರ್ಯವಿಷ್ಟೆ: ತಿಂಗಳಿಗೆ ೧೫೦ ಡಾಲರು ಮೀರದ ವರ್ಗಣಿಯನ್ನು ಕೊಟ್ಟು ಒಬ್ಬ ಪ್ರಾಥಮಿಕ ವೈದ್ಯನ ದವಾಖಾನೆಗೆ ಸದಸ್ಯನಾದವನು, ಆ ಒಂದೇ ಕಾರಣದಿಂದ ತನ್ನ ಆರೋಗ್ಯ ಉಳಿತಾಯ ಖಾತೆಯ ತೆರಿಗೆಯ ವಿನಾಯಿತಿಯನ್ನು ಕಳೆದುಕೊಳ್ಳತಕ್ಕದ್ದಲ್ಲ. ಕುಟುಂಬಕ್ಕಾದರೆ ಈ ಮಿತಿಯು ೩೦೦ ಡಾಲರು. ಮೇಲಾಗಿ ಆ ವರ್ಗಣಿಯನ್ನು ಅದೇ ಖಾತೆಯ ಹಣದಿಂದ ಸಲ್ಲಿಸಲಿಕ್ಕೂ ಅಡ್ಡಿಯಿಲ್ಲ.

ನೂರಾರು ಪುಟಗಳ ಶಾಸನದಲ್ಲಿ ಇಂಥ ಕಲಮು ಸಾಮಾನ್ಯರ ಕಣ್ಣಿಗೆ ಬೀಳುವಂಥದಲ್ಲ. ಆದರೆ ಇದರ ಬೆನ್ನಿಗೆ ಬಹುಕಾಲದ ವಾದವೊಂದು ನಿಂತಿದೆ. ವೈದ್ಯನ ನಿತ್ಯದ ಸೇವೆಯು ಒಂದು ವಸ್ತು, ವಿಪತ್ತಿಗಾಗಿ ಇಳಿಸುವ ವಿಮೆಯು ಇನ್ನೊಂದು ವಸ್ತು, ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದರಿಂದ ರೋಗಿಗೂ ವೈದ್ಯನಿಗೂ ಕೇಡಾಯಿತು ಎಂಬುದೇ ಆ ವಾದ. ನಮ್ಮ ನಾಡಿನ ಅನೇಕ ಕುಟುಂಬಗಳ ಮಕ್ಕಳು ಆ ದೇಶದಲ್ಲಿ ನೆಲೆಸಿರುವರು. ನಮ್ಮ ಪಟ್ಟಣಗಳಲ್ಲಿಯೂ ಆರೋಗ್ಯ ವಿಮೆಯ ಏಜೆಂಟರು ಮನೆಯ ಬಾಗಿಲಿಗೆ ಬರುವ ಕಾಲವಿದು. ಆದುದರಿಂದ ಈ ಹೊಸ ಪದ್ಧತಿಯು ಏನು, ಅದು ಏನನ್ನು ಕೊಡುತ್ತದೆ, ಏನನ್ನು ಕೊಡಲಾರದು ಎಂಬುದನ್ನು ಸ್ತುತಿನಿಂದೆಗಳಿಗೆ ಒಳಗಾಗದೆ ವಿಚಾರಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ವಿಮೆಯ ಧರ್ಮ

ವಿಮೆಯೆಂಬುದು ಮನುಷ್ಯನ ಬುದ್ಧಿಯು ಕಂಡುಹಿಡಿದ ಉತ್ತಮ ಉಪಾಯಗಳಲ್ಲಿ ಒಂದು. ಹಡಗು ಮುಳುಗೀತು, ಅಂಗಡಿಗೆ ಬೆಂಕಿ ಬಿದ್ದೀತು, ಮನೆಯ ಯಜಮಾನನು ಅಕಾಲದಲ್ಲಿ ತೀರಿಕೊಂಡಾನು. ಇಂಥ ವಿಪತ್ತು ಸಾವಿರ ಜನರಲ್ಲಿ ಒಬ್ಬಿಬ್ಬರಿಗೆ ಬರುವಂಥದು. ಬಂದವರನ್ನು ಮಾತ್ರ ಬೇರುಸಹಿತ ಕಿತ್ತುಹಾಕುವಂಥದು. ಆದುದರಿಂದ ಸಾವಿರ ಜನರೂ ಅಲ್ಪಸ್ವಲ್ಪ ಕೂಡಿಹಾಕಿ ಆ ಒಬ್ಬಿಬ್ಬರನ್ನು ಉಳಿಸಿಕೊಳ್ಳುತ್ತಾರೆ. ಯಾವಾಗಲಾದರೊಮ್ಮೆ ಬರುವ, ಬಂದರೆ ತಾಳಲಾರದ ನಷ್ಟಕ್ಕೆ ವಿಮೆಯು ತಕ್ಕದ್ದು. ದೀಪದ ಎಣ್ಣೆಗಾಗಲಿ ದನದ ಮೇವಿಗಾಗಲಿ ಯಾರೂ ವಿಮೆ ಇಳಿಸುವುದಿಲ್ಲ. ಅವು ಬಂದೇ ಬರುವ ಖರ್ಚುಗಳು, ಮನೆಯ ಲೆಕ್ಕದಲ್ಲಿ ಮೊದಲೇ ಬರೆದಿಡತಕ್ಕವು.

ಈಗ ಜನರು ವೈದ್ಯನ ಬಳಿಗೆ ಹೋಗುವ ಕಾರಣಗಳನ್ನು ಎಣಿಸಿ ನೋಡೋಣ. ಕೆಮ್ಮು, ನೆಗಡಿ, ಮಗುವಿನ ಜ್ವರ, ಮೊಣಕಾಲಿನ ನೋವು, ರಕ್ತದ ಒತ್ತಡ, ಸಕ್ಕರೆಯ ಕಾಯಿಲೆ, ಇವೇ ಮೊದಲಾದ ಬಾಧೆಗಳು ಅವುಗಳಲ್ಲಿ ಬಹುಪಾಲು. ಇವು ವರ್ಷಕ್ಕೆ ನಾಲ್ಕಾರು ಸಲ ಬರುವಂಥವು. ಕೆಲವಂತೂ ಬಂದ ಮೇಲೆ ಜೀವಮಾನವೆಲ್ಲ ಜೊತೆಯಲ್ಲಿರುವಂಥವು. ಇಂಥ ನಿಶ್ಚಿತವಾದ ಅಲ್ಪ ವೆಚ್ಚವನ್ನೂ ವಿಮೆಯ ಮುಖಾಂತರವೇ ತೆರಬೇಕೆಂದು ಹೊರಟರೆ, ಆ ವೆಚ್ಚವು ವಿಮೆಯ ಕಂತಿನೊಳಗೆ ಸೇರಿ, ಕಂಪೆನಿಯ ಆಡಳಿತದ ಖರ್ಚೂ ಲಾಭವೂ ಅದರ ಮೇಲೆ ಕೂಡಿ, ಮರಳಿ ರೋಗಿಯ ತಲೆಯ ಮೇಲೆಯೇ ಬರುವುದು.

ಕೇಡು ಇಷ್ಟಕ್ಕೆ ನಿಲ್ಲುವುದಿಲ್ಲ. ವಿಮೆಯವರು ಹಣ ಕೊಡಬೇಕಾದರೆ ಅವರಿಗೆ ಲೆಕ್ಕ ಬೇಕು. ವೈದ್ಯನು ಕಂಡ ಪ್ರತಿಯೊಂದು ರೋಗಕ್ಕೆ ಒಂದು ಸಂಕೇತ, ಮಾಡಿದ ಪ್ರತಿಯೊಂದು ಕೆಲಸಕ್ಕೆ ಇನ್ನೊಂದು ಸಂಕೇತ, ಅದನ್ನು ಬರೆಯಲು ದವಾಖಾನೆಯಲ್ಲೊಬ್ಬ ಕಾರಕೂನ, ಅದನ್ನು ಪರೀಕ್ಷಿಸಲು ಕಂಪೆನಿಯಲ್ಲೊಬ್ಬ ಕಾರಕೂನ. ಕಂಪೆನಿಯು ಒಲ್ಲೆನೆಂದರೆ ಮರಳಿ ಅರ್ಜಿ. ಹದಿನೈದು ನಿಮಿಷಗಳ ಒಂದು ಭೇಟಿಯ ಹಿಂದೆ ಇಷ್ಟು ಕಾಗದಪತ್ರ. ವೈದ್ಯನು ರೋಗಿಯ ಮುಖವನ್ನು ನೋಡುವುದನ್ನು ಬಿಟ್ಟು ಯಂತ್ರದ ತೆರೆಯ ಮೇಲೆ ಸಂಕೇತಗಳನ್ನು ತುಂಬುತ್ತಾನೆ. ಭೇಟಿಗಿಷ್ಟು ಎಂದು ಹಣ ಬರುವುದರಿಂದ ಭೇಟಿಗಳನ್ನು ಹೆಚ್ಚಿಸುತ್ತಾನೆ. ಅಲ್ಲಿಯ ಒಬ್ಬ ಪ್ರಾಥಮಿಕ ವೈದ್ಯನ ಪಟ್ಟಿಯಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ರೋಗಿಗಳಿರುವುದು ಸಾಮಾನ್ಯ.

ಎರಡು ದಾರಿ ಕವಲೊಡೆದ ವರ್ಷ

ಅಮೆರಿಕವು ಈ ಸ್ಥಿತಿಗೆ ಬಂದದ್ದು ಯಾರೋ ಒಬ್ಬರ ದುರಾಲೋಚನೆಯಿಂದಲ್ಲ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅಲ್ಲಿಯ ಕೂಲಿಕಾರರೂ ಸಣ್ಣ ಸಂಬಳದವರೂ ತಮ್ಮ ತಮ್ಮ ಬಂಧುಸಂಘಗಳ ಮೂಲಕ ವರ್ಷಕ್ಕೆ ತಲೆಗೆ ಒಂದೆರಡು ಡಾಲರು ಕೂಡಿಸಿ ಸಂಘಕ್ಕೊಬ್ಬ ವೈದ್ಯನನ್ನು ಗೊತ್ತುಮಾಡಿಕೊಳ್ಳುತ್ತಿದ್ದರು. ವೈದ್ಯಸಂಘಗಳು ಇದನ್ನು ವೃತ್ತಿಯ ಗೌರವಕ್ಕೆ ಕುಂದೆಂದು ಬಗೆದು, ಇಂಥ ಕರಾರಿಗೆ ಒಪ್ಪಿದ ವೈದ್ಯರನ್ನು ಹೊರಗಿಡತೊಡಗಿದವು. ಕ್ರಮೇಣ ಆ ಪದ್ಧತಿಯು ಕ್ಷೀಣಿಸಿತು.

೧೯೨೯ನೆಯ ವರ್ಷದಲ್ಲಿ ಎರಡು ಪ್ರಯೋಗಗಳು ನಡೆದವು. ಟೆಕ್ಸಾಸ್ ಪ್ರಾಂತದ ಡಲ್ಲಾಸ್ ನಗರದಲ್ಲಿ ಬೇಯ್ಲರ್ ಆಸ್ಪತ್ರೆಯವರು ಅಲ್ಲಿಯ ಶಾಲಾ ಶಿಕ್ಷಕರೊಡನೆ ಒಂದು ಕರಾರು ಮಾಡಿಕೊಂಡರು. ಶಿಕ್ಷಕರು ತಿಂಗಳಿಗೆ ೫೦ ಸೆಂಟು ಕೊಡತಕ್ಕದ್ದು. ಆಸ್ಪತ್ರೆಯು ವರ್ಷಕ್ಕೆ ೨೧ ದಿನಗಳ ಮಟ್ಟಿಗೆ ಅವರನ್ನು ಇರಿಸಿಕೊಂಡು ನೋಡತಕ್ಕದ್ದು. ಇದೇ ಮುಂದೆ 'ಬ್ಲೂ ಕ್ರಾಸ್' ಎಂಬ ಹೆಸರಿನಿಂದ ದೇಶವೆಲ್ಲ ಹಬ್ಬಿದ ಆಸ್ಪತ್ರೆ ವಿಮೆಯ ಬೀಜ. ಅದೇ ವರ್ಷ ಲಾಸ್ ಏಂಜಲೀಸ್ ನಗರದಲ್ಲಿ ರಾಸ್ ಮತ್ತು ಲೂಸ್ ಎಂಬಿಬ್ಬರು ವೈದ್ಯರು ನಗರದ ನೀರು ಹಾಗೂ ವಿದ್ಯುತ್ ಇಲಾಖೆಯ ನೌಕರರಿಂದ ತಿಂಗಳಿಗೆ ೨ ಡಾಲರಿನಂತೆ ವರ್ಗಣಿ ಪಡೆದು ಅವರ ಚಿಕಿತ್ಸೆಯ ಹೊಣೆಯನ್ನು ಹೊತ್ತರು. ಮೊದಲನೆಯ ಪ್ರಯೋಗದಲ್ಲಿ ವಿಪತ್ತಿಗೆ ಭರವಸೆ, ಎರಡನೆಯದರಲ್ಲಿ ವೈದ್ಯನೊಡನೆ ನೇರವಾದ ಸಂಬಂಧ. ಆಸ್ಪತ್ರೆಯ ಯೋಜನೆಗೆ ಮನ್ನಣೆ ದೊರೆಯಿತು. ಲಾಸ್ ಏಂಜಲೀಸಿನ ವೈದ್ಯರಿಬ್ಬರೂ ಸ್ಥಳೀಯ ವೈದ್ಯಸಂಘದಿಂದ ಉಚ್ಚಾಟಿತರಾದರು, ಮೇಲ್ಮನವಿ ಮಾಡಿಕೊಂಡೇ ಮರಳಿ ಸೇರಬೇಕಾಯಿತು.

ಬಳಿಕ ಎರಡನೆಯ ಮಹಾಯುದ್ಧ ಬಂದಿತು. ೧೯೪೨ರಲ್ಲಿ ಸರಕಾರವು ಸಂಬಳಗಳ ಏರಿಕೆಯನ್ನು ತಡೆಹಿಡಿಯಿತು. ಕೆಲಸಗಾರರನ್ನು ಸೆಳೆದುಕೊಳ್ಳಲು ಬೇರೆ ಹಾದಿ ಕಾಣದೆ ಕಾರಖಾನೆಗಳ ಒಡೆಯರು ಸಂಬಳದ ಬದಲು ವಿಮೆಯನ್ನು ಕೊಡತೊಡಗಿದರು. ೧೯೫೪ರ ತೆರಿಗೆ ಶಾಸನವು ಒಡೆಯನು ತೆರುವ ವಿಮೆಯ ಕಂತಿಗೆ ನೌಕರನಿಂದ ಆದಾಯದ ಕರವನ್ನು ವಸೂಲುಮಾಡತಕ್ಕದ್ದಲ್ಲವೆಂದು ಸ್ಪಷ್ಟಪಡಿಸಿತು. ಕೈಯಲ್ಲಿ ಕೊಟ್ಟರೆ ಕರ, ವಿಮೆಯ ಮೂಲಕ ಕೊಟ್ಟರೆ ಕರವಿಲ್ಲ ಎಂದಾದ ಮೇಲೆ, ಮಗುವಿನ ಜ್ವರದಿಂದ ಹಿಡಿದು ಎಲ್ಲವೂ ವಿಮೆಯ ಚೀಲದೊಳಗೆ ಸೇರಿದುದರಲ್ಲಿ ಆಶ್ಚರ್ಯವೇನು?

ಇದರ ಫಲವನ್ನು ಅಂಕಿಗಳೇ ಹೇಳುತ್ತವೆ. ೨೦೨೩ರಲ್ಲಿ ಆ ದೇಶವು ತನ್ನ ರಾಷ್ಟ್ರೀಯ ಉತ್ಪನ್ನದ ಶೇಕಡ ೧೭.೬ ಭಾಗವನ್ನು ಆರೋಗ್ಯಕ್ಕಾಗಿ ವೆಚ್ಚಮಾಡಿತು. ಆದರೂ ಆ ವರ್ಷ ಸುಮಾರು ೨ ಕೋಟಿ ೬೦ ಲಕ್ಷ ಜನರಿಗೆ ಯಾವ ವಿಮೆಯೂ ಇರಲಿಲ್ಲ. ೨೦೨೪ರಲ್ಲಿ ನೌಕರಿಯ ಮೂಲಕ ದೊರೆಯುವ ಕುಟುಂಬ ವಿಮೆಯ ಸರಾಸರಿ ವಾರ್ಷಿಕ ಕಂತು ೨೫,೫೭೨ ಡಾಲರು. ಇಷ್ಟು ತೆತ್ತ ಮೇಲೂ, ಅಲ್ಲಿಯ ಬಹುತೇಕ ಪಾಲಿಸಿಗಳಲ್ಲಿ ರೋಗಿಯು ಮೊದಲು ಒಂದು ಗೊತ್ತಾದ ಮೊತ್ತವನ್ನು ತನ್ನ ಕೈಯಿಂದಲೇ ತೆತ್ತ ಬಳಿಕವಷ್ಟೇ ಕಂಪೆನಿಯು ಹಣವನ್ನು ಬಿಚ್ಚುತ್ತದೆ. ಅಂಥ ಪಾಲಿಸಿಗಳಲ್ಲಿ ಒಬ್ಬೊಬ್ಬ ನೌಕರನ ಪಾಲಿಗೆ ಬರುವ ಆ ಮೊತ್ತವು ೨೦೨೪ರಲ್ಲಿ ಸರಾಸರಿ ೧,೭೮೭ ಡಾಲರು. ವಿಮೆಯುಳ್ಳವನೂ ಸಣ್ಣ ಕಾಯಿಲೆಗೆ ವೈದ್ಯನ ಬಳಿಗೆ ಹೋಗಲು ಹಿಂಜರಿಯುವ ಪ್ರಸಂಗವಿದು.

ವರ್ಗಣಿಯ ಪದ್ಧತಿ

ಈ ಇಕ್ಕಟ್ಟಿನೊಳಗಿಂದ ಹೊರಬೀಳಲು ಕೆಲವು ವೈದ್ಯರು ಹಿಡಿದ ಹಾದಿಯೇ 'ಡೈರೆಕ್ಟ್ ಪ್ರೈಮರಿ ಕೇರ್', ಅರ್ಥಾತ್ ನೇರ ಪ್ರಾಥಮಿಕ ಚಿಕಿತ್ಸೆ. ಅದರ ಕ್ರಮವು ಸರಳವಾದುದು. ರೋಗಿಯು ತಿಂಗಳಿಗಿಷ್ಟು ಎಂದು ವೈದ್ಯನಿಗೇ ವರ್ಗಣಿಯನ್ನು ಸಲ್ಲಿಸುತ್ತಾನೆ. ವೈದ್ಯನು ಭೇಟಿಭೇಟಿಗೆ ಶುಲ್ಕವನ್ನು ಕೇಳುವುದಿಲ್ಲ. ವಿಮೆಯ ಕಂಪೆನಿಗೆ ಬಿಲ್ಲನ್ನು ಕಳುಹಿಸುವುದಿಲ್ಲ. ಅದೇ ದಿನವೋ ಮಾರನೆಯ ದಿನವೋ ಭೇಟಿ, ಅವಸರವಿಲ್ಲದ ಪರೀಕ್ಷೆ, ಟೆಲಿಫೋನಿನ ಮೇಲೆ ಸಲಹೆ, ಗಾಯಕ್ಕೆ ಹೊಲಿಗೆ, ಸಾಮಾನ್ಯ ತಪಾಸಣೆ ಇವೆಲ್ಲ ವರ್ಗಣಿಯೊಳಗೆ ಬರುತ್ತವೆ. ಕಾಯಿದೆಯು ಅನುಮತಿಸುವ ಪ್ರಾಂತಗಳಲ್ಲಿ ಅನೇಕ ವೈದ್ಯರು ಔಷಧಗಳನ್ನು ಸಗಟು ಬೆಲೆಗೆ ತರಿಸಿ ಅಲ್ಪ ಲಾಭಕ್ಕೆ ಸದಸ್ಯರಿಗೆ ಒದಗಿಸುತ್ತಾರೆ.

ಕಾನ್ಸಾಸ್ ಪ್ರಾಂತದ ವಿಚಿಟಾ ನಗರದಲ್ಲಿ ೨೦೧೦ರಲ್ಲಿ ತೆರೆದ 'ಅಟ್ಲಾಸ್ ಎಂ.ಡಿ.' ಎಂಬ ದವಾಖಾನೆಯು ಈ ಪದ್ಧತಿಗೆ ಮಾದರಿಯೆಂದು ಹೆಸರಾಯಿತು. ಅದು ಪ್ರಸಿದ್ಧಿಗೆ ತಂದ ದರಗಳಂತೆ ಮಕ್ಕಳಿಗೆ ತಿಂಗಳಿಗೆ ೧೦ ಡಾಲರು, ತರುಣರಿಗೆ ೫೦, ನಡುವಯಸ್ಸಿನವರಿಗೆ ೭೫, ವೃದ್ಧರಿಗೆ ೧೦೦. ರೋಗವೇನೆಂಬುದನ್ನು ನೋಡಿ ದರವು ಏರುವುದಿಲ್ಲ. ವಯಸ್ಸನ್ನು ಮಾತ್ರ ನೋಡುತ್ತಾರೆ.

ಇಷ್ಟು ಅಲ್ಪ ವರ್ಗಣಿಯಿಂದ ವೈದ್ಯನು ಬದುಕುವುದು ಹೇಗೆಂದು ವಾಚಕರು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ಒಬ್ಬ ವೈದ್ಯನಿಗೆ ೬೦೦ ಸದಸ್ಯರು, ಸರಾಸರಿ ೭೫ ಡಾಲರು ಎಂದರೆ ತಿಂಗಳಿಗೆ ೪೫,೦೦೦ ಡಾಲರು, ವರ್ಷಕ್ಕೆ ೫,೪೦,೦೦೦ ಡಾಲರು. ಬಾಡಿಗೆ, ದಾದಿಯ ಸಂಬಳ, ಉಪಕರಣಗಳು, ಇವೆಲ್ಲವನ್ನೂ ಇದರಿಂದಲೇ ತೂಗಿಸಬೇಕು. ಆದರೆ ಬಿಲ್ಲುಗಳನ್ನು ಬರೆಯುವ ಕಾರಕೂನರ ಸಂಬಳವು ಉಳಿಯುತ್ತದೆ. ವಿಮೆಯವರು ತಡೆಹಿಡಿದ ಹಣಕ್ಕಾಗಿ ಕಾಯುವುದು ತಪ್ಪುತ್ತದೆ. ಎರಡು ಸಾವಿರದ ಬದಲು ಆರುನೂರು ಎಂಟುನೂರು ಜನರನ್ನೇ ನೋಡಿಕೊಂಡು ವೈದ್ಯನು ಜೀವಿಸಬಲ್ಲನೆಂಬುದು ಈ ಪದ್ಧತಿಯ ಗುಟ್ಟು. ಉಳಿದ ಹೊತ್ತು ರೋಗಿಯದಾಗುತ್ತದೆ.

ಶ್ರೀಮಂತರಿಗಾಗಿಯೇ ಇರುವ ಇನ್ನೊಂದು ಪದ್ಧತಿಯೊಡನೆ ಇದನ್ನು ಬೆರಸಬಾರದು. ೧೯೯೬ರಲ್ಲಿ ಸಿಯಾಟಲ್ ನಗರದಲ್ಲಿ ಆರಂಭವಾದ 'ಕನ್ಸಿಯೆರ್ಜ್' ವೈದ್ಯಕೀಯದಲ್ಲಿ ಕೆಲವೇ ಧನಿಕರು ವರ್ಷಕ್ಕೆ ಸಾವಿರಾರು ಡಾಲರು ತೆತ್ತು ವೈದ್ಯನನ್ನು ತಮ್ಮ ಕರೆಗೆ ಕಾದಿರುವಂತೆ ಇಟ್ಟುಕೊಳ್ಳುತ್ತಾರೆ. ಆ ವೈದ್ಯರಲ್ಲಿ ಹಲವರು ವಿಮೆಯ ಬಿಲ್ಲನ್ನೂ ಬರೆಯುತ್ತಾರೆ. ವರ್ಗಣಿಯ ವೈದ್ಯನಾದರೋ ವಿಮೆಯ ನಂಟನ್ನೇ ಕಡಿದುಕೊಂಡು, ಸಾಮಾನ್ಯನಿಗೆ ನಿಲುಕುವ ದರದಲ್ಲಿ ನಿಂತವನು.

ಇದು ವಿಮೆಯೋ, ಅಲ್ಲವೋ?

ಈ ಪದ್ಧತಿಗೆ ಎದುರಾದ ಮೊದಲನೆಯ ವಿಘ್ನವು ಕಾಯಿದೆಯದು. ಮುಂಗಡವಾಗಿ ನಿಶ್ಚಿತ ಹಣವನ್ನು ಪಡೆದು, ರೋಗ ಎಷ್ಟು ಬಂದರೂ ನೋಡುತ್ತೇನೆಂದು ಮಾತು ಕೊಡುವುದು ನಷ್ಟದ ಹೊಣೆಯನ್ನು ಹೊರುವುದೇ ಅಲ್ಲವೆ? ಹಾಗಾದರೆ ವೈದ್ಯನೂ ವಿಮೆಯ ಕಂಪೆನಿಯಂತೆ ಪರವಾನಗಿ ಪಡೆದು ಠೇವಣಿ ಇಡಬೇಕಲ್ಲವೆ? ಕೆಲವು ಪ್ರಾಂತಗಳ ವಿಮಾ ಅಧಿಕಾರಿಗಳು ಹೀಗೆ ತರ್ಕಿಸಿದರು. ತರ್ಕವು ತಳಬುಡವಿಲ್ಲದ್ದೆಂದು ನಾವು ಹೇಳಲಾರೆವು. ಆದರೆ ತನ್ನ ಕೈಯಿಂದಲೇ ಮಾಡುವ ಕೆಲಸವನ್ನು ಮಾತ್ರ ಒಪ್ಪಿಕೊಂಡವನಿಗೂ, ಇತರರು ಮಾಡಿದ ಕೆಲಸದ ಬಿಲ್ಲನ್ನು ತೆರಲು ಒಪ್ಪಿಕೊಂಡವನಿಗೂ ಭೇದವುಂಟು.

೨೦೦೭ರಲ್ಲಿ ವಾಷಿಂಗ್ಟನ್ ಪ್ರಾಂತವು ಈ ಭೇದವನ್ನು ಶಾಸನದಲ್ಲಿ ಒಪ್ಪಿಕೊಂಡಿತು. ಇಂಥ ಕರಾರು ವಿಮೆಯಲ್ಲವೆಂದು ಸಾರಿತು. ಜೊತೆಗೇ ಎರಡು ಕಟ್ಟುಗಳನ್ನು ಹಾಕಿತು. ರೋಗಿಯ ಆರೋಗ್ಯ ಕೆಟ್ಟಿದೆಯೆಂಬ ಒಂದೇ ಕಾರಣಕ್ಕೆ ವೈದ್ಯನು ಅವನನ್ನು ತಿರಸ್ಕರಿಸಕೂಡದು, ನಡುವೆ ಕೈಬಿಡಕೂಡದು. ಇದು ಪೂರ್ಣವಾದ ಆರೋಗ್ಯ ವಿಮೆಯಲ್ಲವೆಂದು ಕರಾರಿನ ಪತ್ರದಲ್ಲಿಯೇ ಸ್ಪಷ್ಟವಾಗಿ ಬರೆದಿರತಕ್ಕದ್ದು. ಇದೀಗ ಮೂವತ್ತಕ್ಕೂ ಹೆಚ್ಚು ಪ್ರಾಂತಗಳು ಇಂಥ ಶಾಸನಗಳನ್ನು ಮಾಡಿಕೊಂಡಿವೆ. ೨೦೧೦ರ ಕೇಂದ್ರ ಆರೋಗ್ಯ ಶಾಸನವೂ ವರ್ಗಣಿಯ ವೈದ್ಯನನ್ನು ವಿಪತ್ತಿನ ವಿಮೆಯೊಡನೆ ಜೋಡಿಸಲು ಎಡೆಮಾಡಿಕೊಟ್ಟಿತು. ಆದರೆ ತೆರಿಗೆಯ ಅಧಿಕಾರಿಗಳು ಮಾತ್ರ ವರ್ಗಣಿಯನ್ನು ಇನ್ನೊಂದು ಆರೋಗ್ಯ ಯೋಜನೆಯೆಂದೇ ಎಣಿಸಿ ಉಳಿತಾಯ ಖಾತೆಯ ಸೌಲಭ್ಯಕ್ಕೆ ಅಡ್ಡಬಂದಿದ್ದರು. ಮೊದಲಿಗೆ ಹೇಳಿದ ಚಿಕ್ಕ ಕಲಮು ಆ ಅಡ್ಡಿಯನ್ನು ತೆಗೆಯಿತು.

ಎಲ್ಲಿ ಕಾಲು ಜಾರುತ್ತದೆ?

ಆ ಎಚ್ಚರಿಕೆಯ ಮಾತನ್ನು ಕರಾರಿನ ಪತ್ರದಲ್ಲಿ ಕಡ್ಡಾಯವಾಗಿ ಬರೆಯಿಸಿದ್ದೇಕೆ? ಜನರು ವರ್ಗಣಿಯನ್ನೇ ವಿಮೆಯೆಂದು ತಿಳಿದು, ವಿಮೆಯನ್ನು ಕೈಬಿಟ್ಟಾರೆಂಬ ಭಯದಿಂದ. ಈ ಭಯವು ನ್ಯಾಯವಾದುದು. ತಿಂಗಳಿಗೆ ೭೫ ಡಾಲರು ತೆತ್ತವನಿಗೆ ಕರುಳುಬಾಲದ ಉರಿಯೂತ ಬಂದು ಶಸ್ತ್ರಚಿಕಿತ್ಸೆ ಬೇಕಾಯಿತೆನ್ನೋಣ. ಅವನ ವೈದ್ಯನು ರೋಗವನ್ನು ಬೇಗನೆ ಗುರುತಿಸಿಯಾನು, ಶಸ್ತ್ರವೈದ್ಯನೊಡನೆ ಮಾತನಾಡಿಯಾನು. ಆದರೆ ಆಸ್ಪತ್ರೆಯ ಬಿಲ್ಲು ಹತ್ತಾರು ಸಾವಿರ ಡಾಲರುಗಳದು. ವರ್ಗಣಿಯು ಅದರಲ್ಲಿ ಒಂದು ಸೆಂಟನ್ನೂ ಕೊಡುವುದಿಲ್ಲ. ಅರ್ಬುದ, ಹೃದಯಾಘಾತ, ರಸ್ತೆಯ ಅಪಘಾತ ಇವೆಲ್ಲಕ್ಕೂ ಇದೇ ಮಾತು. ಕಾಯಿಲೆ ಬಂದ ಮೇಲೆ ವಿಮೆಯನ್ನು ಕೊಂಡರಾಯಿತೆಂಬ ಲೆಕ್ಕವೂ ನಿಲ್ಲದು. ೨೦೧೪ರಿಂದ ಅಲ್ಲಿಯ ಕಂಪೆನಿಗಳು ಹಳೆಯ ರೋಗದ ಕಾರಣದಿಂದ ಸಾಮಾನ್ಯ ವಿಮೆಯನ್ನು ನಿರಾಕರಿಸುವಂತಿಲ್ಲವಾದರೂ, ಅದರ ನೋಂದಣಿಯು ವರ್ಷಕ್ಕೊಮ್ಮೆ ನವೆಂಬರಿನಲ್ಲಿ ತೆರೆದು ಕೆಲವು ವಾರಗಳಲ್ಲಿ ಮುಚ್ಚುತ್ತದೆ. ನೌಕರಿ ಹೋಗುವುದು, ವಿವಾಹ, ಶಿಶುಜನನ ಮುಂತಾದ ಕಾರಣಗಳಿಲ್ಲದವನು ವಸಂತದಲ್ಲಿ ರೋಗಿಯಾದರೆ ಮುಂದಿನ ಜನವರಿಯವರೆಗೆ ದಾರಿ ಕಾಯಬೇಕು.

ಎರಡನೆಯ ಕೊರತೆಯು ಪದ್ಧತಿಯ ಸ್ಥೈರ್ಯಕ್ಕೆ ಸಂಬಂಧಿಸಿದ್ದು. ೨೦೦೭ರಲ್ಲಿ ಸಿಯಾಟಲಿನಲ್ಲಿ ಹುಟ್ಟಿದ 'ಕ್ಲಿಯಾನ್ಸ್' ಸಂಸ್ಥೆಯು ಈ ಪದ್ಧತಿಯ ಮುಂದಾಳೆನಿಸಿ, ಕೋಟ್ಯಧೀಶರ ಬಂಡವಾಳವನ್ನೂ ಪಡೆದಿತ್ತು. ೨೦೧೭ರಲ್ಲಿ ಅದು ಬಾಗಿಲು ಮುಚ್ಚಿತು. ಅದರ ಸದಸ್ಯರು ಬೇರೆ ವೈದ್ಯರನ್ನು ಹುಡುಕಿಕೊಳ್ಳಬೇಕಾಯಿತು. ವಿಮೆಯ ಕಂಪೆನಿಗೆ ಠೇವಣಿಯ ಕಟ್ಟಳೆಯಿದೆ, ದವಾಖಾನೆಗೆ ಇಲ್ಲ.

ಮೂರನೆಯದು ಉಳಿತಾಯದ ಪ್ರಶ್ನೆ. ಅಮೆರಿಕದ ವಿಮಾಗಣಿತಜ್ಞರ ಸಂಘವು ೨೦೨೦ರಲ್ಲಿ ಪ್ರಕಟಿಸಿದ ವರದಿಯು ಒಂದು ಉದ್ಯೋಗಸಂಸ್ಥೆಯ ನೌಕರರ ಲೆಕ್ಕವನ್ನು ಪರಿಶೀಲಿಸಿತು. ವರ್ಗಣಿಯ ವೈದ್ಯನನ್ನು ಆರಿಸಿಕೊಂಡವರು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗುವುದು ಶೇಕಡ ೪೦ರಷ್ಟು ಕಡಿಮೆಯಾಗಿತ್ತು. ಒಟ್ಟು ಚಿಕಿತ್ಸೆಯ ಬೇಡಿಕೆಯು ಶೇಕಡ ೧೩ರ ಸಮೀಪದಷ್ಟು ತಗ್ಗಿತ್ತು. ಆದರೆ ವರ್ಗಣಿಯನ್ನೂ ಲೆಕ್ಕಕ್ಕೆ ಸೇರಿಸಿದಾಗ ಒಡೆಯನಿಗೆ ಹೇಳಿಕೊಳ್ಳುವಂಥ ಉಳಿತಾಯವೇನೂ ಕಾಣಲಿಲ್ಲ. ರೋಗಿಗೆ ಉತ್ತಮ ಆರೈಕೆ ದೊರೆಯಿತೆಂಬುದಕ್ಕೆ ಇದು ಸಾಕ್ಷಿ. ದೇಶದ ವೆಚ್ಚವೆಲ್ಲ ಇಳಿದುಹೋಗುವುದೆಂಬುದಕ್ಕೆ ಇದು ಸಾಕ್ಷಿಯಾಗದು.

ನಾಲ್ಕನೆಯದು ಎಲ್ಲಕ್ಕಿಂತ ಗಹನವಾದುದು. ಎರಡು ಸಾವಿರ ರೋಗಿಗಳಿದ್ದ ವೈದ್ಯನು ಆರುನೂರನ್ನು ಉಳಿಸಿಕೊಂಡರೆ, ಉಳಿದ ಸಾವಿರದ ನಾಲ್ಕುನೂರು ಮಂದಿ ಎಲ್ಲಿಗೆ ಹೋಗಬೇಕು? ದುಡಿದು ಬೇಸತ್ತು ವೃತ್ತಿಯನ್ನೇ ಬಿಡಲಿದ್ದ ವೈದ್ಯನು ಈ ಪದ್ಧತಿಯಿಂದ ಉಳಿದನಲ್ಲ ಎಂಬ ಸಮಾಧಾನವನ್ನು ಅದರ ಪಕ್ಷದವರು ಹೇಳುತ್ತಾರೆ. ಅದರಲ್ಲಿ ಸತ್ಯಾಂಶವಿದೆ. ಆದರೆ ವೈದ್ಯರೇ ವಿರಳವಾದ ಊರಿನಲ್ಲಿ ಒಬ್ಬನು ಹೀಗೆ ಮಾಡಿದರೆ, ವರ್ಗಣಿ ತೆರಲಾರದ ಬಡವನು ಕ್ಯೂವಿನಲ್ಲಿ ಇನ್ನಷ್ಟು ಹಿಂದಕ್ಕೆ ಸರಿಯುವನೆಂಬುದೂ ಅಷ್ಟೇ ಸತ್ಯ.

ಗಣಿಗಾರರ ಪಾಠ

ಹಾಗಾದರೆ ವರ್ಗಣಿಯ ತತ್ವವೇ ದೋಷಯುಕ್ತವೆ? ನಾವು ಹಾಗೆನ್ನುವುದಿಲ್ಲ. ವರ್ಗಣಿಯು ಯಾರ ಕೈಯಲ್ಲಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಇದಕ್ಕೆ ವೇಲ್ಸ್ ನಾಡಿನ ಟ್ರೆಡೀಗರ್ ಎಂಬ ಊರೇ ನಿದರ್ಶನ. ಕಲ್ಲಿದ್ದಲು ಮತ್ತು ಕಬ್ಬಿಣದ ಕೆಲಸಗಾರರು ಅಲ್ಲಿ ೧೮೯೦ರಲ್ಲಿ ಒಂದು ವೈದ್ಯಸಹಾಯ ಸಂಘವನ್ನು ಸ್ಥಾಪಿಸಿ, ತಮ್ಮ ಕೂಲಿಯಿಂದ ಪೌಂಡಿಗೆ ಮೂರು ಪೆನ್ನಿಯಂತೆ ಮುರಿದುಕೊಟ್ಟರು. ವೈದ್ಯರನ್ನು ನೇಮಿಸುವವರು ಅವರೇ, ಸಂಬಳ ಕೊಡುವವರು ಅವರೇ. ಕಾಲಕ್ರಮದಲ್ಲಿ ಊರಿನ ಬಹುತೇಕ ಜನರು ಆ ಸಂಘದ ಆಶ್ರಯಕ್ಕೆ ಬಂದರು. ಆ ಊರಿನಲ್ಲಿ ಹುಟ್ಟಿ ಬೆಳೆದ ಗಣಿಗಾರನ ಮಗ ಅನ್ಯೂರಿನ್ ಬೆವನ್ ಮಹಾಶಯರು ಮುಂದೆ ಬ್ರಿಟನ್ನಿನ ಆರೋಗ್ಯ ಮಂತ್ರಿಗಳಾಗಿ ೧೯೪೮ನೆಯ ಜುಲೈ ೫ರಂದು ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಆರಂಭಿಸಿದರು. ತಮ್ಮ ಊರಿನ ಸಂಘದ ಅನುಭವವೇ ಅವರಿಗೆ ದಾರಿ ತೋರಿಸಿತ್ತು. ವರ್ಗಣಿಯ ಯಜಮಾನಿಕೆಯು ಸದಸ್ಯರದಾದಲ್ಲಿ ಅದು ಊರನ್ನೆಲ್ಲ ತಬ್ಬಿಕೊಳ್ಳುವ ಕಡೆಗೆ ಬೆಳೆಯುತ್ತದೆ. ವ್ಯಾಪಾರಿಯದಾದಲ್ಲಿ ಲಾಭ ನಿಂತ ದಿನ ಬಾಗಿಲು ಮುಚ್ಚುತ್ತದೆ.

ನಮ್ಮವರಿಗೆ ಇದರಿಂದೇನು?

ಅಮೆರಿಕದಲ್ಲಿರುವ ನಮ್ಮ ಕನ್ನಡಿಗರಿಗೆ ಈ ವಿಷಯವು ನೇರವಾಗಿ ತಟ್ಟುವಂಥದು. ನೌಕರಿ ಹೋದರೆ ಅದರೊಡನೆ ವಿಮೆಯೂ ಹೋಗುತ್ತದೆ. ೧೯೮೫ರ ಶಾಸನದಂತೆ ಹಳೆಯ ವಿಮೆಯನ್ನು ಕೆಲಕಾಲ ಉಳಿಸಿಕೊಳ್ಳಬಹುದಾದರೂ, ಒಡೆಯನ ಪಾಲೂ ಸೇರಿ ಪೂರ್ಣ ಕಂತಿನ ಶೇಕಡ ೧೦೨ರವರೆಗೆ ತಾವೇ ತೆರಬೇಕು. ಇಲ್ಲಿಂದ ಕೆಲವು ತಿಂಗಳ ಮಟ್ಟಿಗೆ ಹೋಗುವ ತಾಯಿತಂದೆಗಳ ಪ್ರವಾಸಿ ವಿಮೆಯು ಸಕ್ಕರೆ ಕಾಯಿಲೆ, ರಕ್ತದ ಒತ್ತಡಗಳಂಥ ಹಳೆಯ ರೋಗಗಳನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತದೆ. ಇಂಥವರ ನಿತ್ಯದ ಆರೈಕೆಗೆ ವರ್ಗಣಿಯ ವೈದ್ಯನು ಒಳ್ಳೆಯ ಆಸರೆಯಾದಾನು. ಆದರೆ ವರ್ಗಣಿ ಇದೆಯೆಂದು ಪ್ರವಾಸಿ ವಿಮೆಯನ್ನು ಬಿಟ್ಟು ಹೊರಡುವುದು ಛತ್ರಿ ಇದೆಯೆಂದು ಮನೆಯ ಮಾಡನ್ನು ಕೀಳಿಸಿದಂತೆ.

ನಮ್ಮ ದೇಶದ ಸ್ಥಿತಿಯು ಅಮೆರಿಕದ್ದಕ್ಕೆ ಒಂದು ಬಗೆಯಲ್ಲಿ ತಲೆಕೆಳಗಾದುದು. ಅಲ್ಲಿ ವಿಮೆಯು ನಿತ್ಯದ ಚಿಕಿತ್ಸೆಯನ್ನೂ ನುಂಗಿತು. ಇಲ್ಲಿಯ ವಿಮೆಯಾದರೋ ಬಹುಮಟ್ಟಿಗೆ ಆಸ್ಪತ್ರೆಯಲ್ಲಿ ಮಲಗಿದವನಿಗೆ ಮಾತ್ರ. ೨೦೧೮ರಲ್ಲಿ ಆರಂಭವಾದ ಪ್ರಧಾನಮಂತ್ರಿ ಜನಾರೋಗ್ಯ ಯೋಜನೆಯು ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿಗಳವರೆಗೆ ಕೊಡುವುದೂ ಆಸ್ಪತ್ರೆಯ ಚಿಕಿತ್ಸೆಗೇ. ನಮ್ಮ ಸಹಕಾರಿ ರೈತರ 'ಯಶಸ್ವಿನಿ'ಯೂ ಇದೇ ಜಾತಿಯದು. ೨೦೦೩ರಲ್ಲಿ ವರ್ಷಕ್ಕೆ ತಲೆಗೆ ೬೦ ರೂಪಾಯಿಗಳ ವರ್ಗಣಿಯಿಂದ ಶಸ್ತ್ರಚಿಕಿತ್ಸೆಗಳಿಗಾಗಿ ಆರಂಭವಾದ ಅದು ೨೦೧೮ರಲ್ಲಿ ಬೇರೊಂದು ಯೋಜನೆಯಲ್ಲಿ ವಿಲೀನವಾಗಿ, ೨೦೨೩ರ ಆದಿಯಿಂದ ಮತ್ತೆ ತಲೆಯೆತ್ತಿತು. ಪುನರಾರಂಭದ ದರದಂತೆ ನಾಲ್ವರವರೆಗಿನ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ ೫೦೦ ರೂಪಾಯಿ. ಹೀಗೆ ವಿಪತ್ತಿನ ಕಾಲು ತಕ್ಕಮಟ್ಟಿಗೆ ಗಟ್ಟಿಯಾಗುತ್ತಿದೆ. ನಿತ್ಯದ ಕಾಲು ಮಾತ್ರ ಕುಂಟುತ್ತಿದೆ. ೨೦೨೧-೨೨ರ ರಾಷ್ಟ್ರೀಯ ಲೆಕ್ಕದಂತೆ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇಕಡ ೩೯.೪ ಭಾಗವನ್ನು ಜನರು ತಮ್ಮ ಕಿಸೆಯಿಂದಲೇ ತೆತ್ತಿದ್ದಾರೆ. ಔಷಧದ ಅಂಗಡಿ, ವೈದ್ಯನ ಶುಲ್ಕ, ರಕ್ತಪರೀಕ್ಷೆ ಇವುಗಳಿಗೆ ಇದರಲ್ಲಿ ದೊಡ್ಡ ಪಾಲು.

ವರ್ಗಣಿಯ ಪದ್ಧತಿಯು ನಮಗೆ ಅಪರಿಚಿತವೆಂದು ಯಾರೂ ತಿಳಿಯಬಾರದು. ಕೇಂದ್ರ ಸರಕಾರದ ನೌಕರರಿಗಾಗಿ ೧೯೫೪ರಲ್ಲಿ ದಿಲ್ಲಿಯಲ್ಲಿ ಆರಂಭವಾದ ಆರೋಗ್ಯ ಯೋಜನೆಯಲ್ಲಿ ವೇತನದ ಶ್ರೇಣಿಗೆ ತಕ್ಕಂತೆ ತಿಂಗಳ ವರ್ಗಣಿಯನ್ನು ಮುರಿದುಕೊಂಡು, ದವಾಖಾನೆಯನ್ನೇ ಮೊದಲ ಬಾಗಿಲಾಗಿ ಮಾಡಿದ್ದಾರೆ. ೧೯೪೮ರ ಶಾಸನದ ಮೇರೆಗೆ ೧೯೫೨ರಲ್ಲಿ ಕಾರ್ಯಾರಂಭ ಮಾಡಿದ ಕಾರ್ಮಿಕರ ರಾಜ್ಯ ವಿಮೆಯಲ್ಲಿ ೨೦೧೯ರಿಂದ ಕೆಲಸಗಾರನದು ಕೂಲಿಯ ಶೇಕಡ ೦.೭೫, ಒಡೆಯನದು ಶೇಕಡ ೩.೨೫. ನಮ್ಮ ವಾಚಕರಲ್ಲಿ ಅನೇಕರು ಇವುಗಳ ಗುಣವನ್ನೂ ದೋಷವನ್ನೂ ಕಂಡವರೇ. ಈ ನೆರಳಿನ ಹೊರಗೆ ಉಳಿದವರು ಸಣ್ಣ ಅಂಗಡಿಕಾರ, ಖಾಸಗಿ ಶಾಲೆಯ ಮಾಸ್ತರ, ನೇಕಾರ, ರೈತ.

ಇವರಿಗಾಗಿ ಪರದೇಶದ ಮಾದರಿಯ ವ್ಯಾಪಾರಿ ಸದಸ್ಯತ್ವಗಳು ನಾಳೆ ನಮ್ಮ ಪೇಟೆಗಳಿಗೆ ಬಂದರೆ, ಹಣ ಕೊಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಇವು. ವರ್ಗಣಿಯಲ್ಲಿ ಏನೇನು ಸೇರಿದೆ, ಏನು ಸೇರಿಲ್ಲ? ಒಬ್ಬ ವೈದ್ಯನಿಗೆ ಎಷ್ಟು ಸದಸ್ಯರು? ಹಳೆಯ ರೋಗವುಳ್ಳವನನ್ನು ಸೇರಿಸಿಕೊಳ್ಳುವರೆ? ಬಾಗಿಲು ಮುಚ್ಚಿದರೆ ಮುಂಗಡದ ಹಣ ಮರಳಿ ಬರುವುದೆ? ಆಸ್ಪತ್ರೆಯ ಬಿಲ್ಲನ್ನು ಯಾರು ತೆರುವರು? ಈ ಐದಕ್ಕೂ ಬರವಣಿಗೆಯಲ್ಲಿ ಉತ್ತರ ಕೊಡಲಾರದವನಿಗೆ ಒಂದು ಕಾಸನ್ನೂ ಕೊಡಬಾರದು.

ಅದಕ್ಕಿಂತಲೂ ಮೇಲಾದ ಹಾದಿಯೊಂದು ನಮ್ಮ ಮನೆಯಂಗಳದಲ್ಲಿಯೇ ಇದೆ. ಏಷ್ಯಾ ಖಂಡದಲ್ಲಿಯೇ ಮೊದಲನೆಯದೆಂದು ಹೆಸರಾದ ಕೃಷಿ ಪತ್ತಿನ ಸಹಕಾರಿ ಸಂಘವು ೧೯೦೫ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರ ನೇತೃತ್ವದಲ್ಲಿ ಹುಟ್ಟಿತು. ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸಲು ಊರವರೇ ಹಣ ಕೂಡಿಸಿ ಊರವರೇ ಆಡಳಿತ ನಡೆಸಿದ ನಾಡು ಇದು. ಒಂದು ಪಟ್ಟಣದ ಎರಡು ಮೂರು ಪತ್ತಿನ ಸಂಘಗಳು ಕೂಡಿ, ಸದಸ್ಯರ ಮನೆಗಳಿಂದ ತಿಂಗಳಿಗಿಷ್ಟು ವರ್ಗಣಿ ಎತ್ತಿ, ಒಬ್ಬ ವೈದ್ಯನನ್ನೂ ಒಬ್ಬ ದಾದಿಯನ್ನೂ ನೇಮಿಸಿ, ಔಷಧಗಳನ್ನು ಸಗಟಾಗಿ ತರಿಸಿದರೆ ಅದು ಆಗದ ಕೆಲಸವೆ? ೫೦೦ ಮನೆಗಳು ತಿಂಗಳಿಗೆ ೩೦೦ ರೂಪಾಯಿಯಂತೆ ಕೊಟ್ಟರೆ ಒಂದೂವರೆ ಲಕ್ಷ ರೂಪಾಯಿ ಕೂಡುತ್ತದೆ. ಇದರ ಬೆನ್ನಿಗೆ ಯಶಸ್ವಿನಿಯಂಥ ವಿಮೆ ಇದ್ದರೆ ನಿತ್ಯಕ್ಕೊಂದು ಕಾಲು, ವಿಪತ್ತಿಗೊಂದು ಕಾಲು ಎಂದು ಮನೆತನವು ನೆಟ್ಟಗೆ ನಿಂತೀತು.

ಇಂಥ ಸಂಘಗಳು ಎದ್ದವೆಂದು ಸರಕಾರದ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹೊಣೆಯು ಕೂದಲೆಳೆಯಷ್ಟೂ ತಗ್ಗುವುದಿಲ್ಲ. ವರ್ಗಣಿ ಕೊಡಲಾರದವನ ವೈದ್ಯನು ಸರಕಾರವೇ. ಆ ಕೇಂದ್ರಗಳಲ್ಲಿ ವೈದ್ಯನಿಲ್ಲದಿದ್ದರೆ, ಔಷಧವಿಲ್ಲದಿದ್ದರೆ, ಅದಕ್ಕೆ ಉತ್ತರ ಹೇಳಬೇಕಾದವರು ಅಧಿಕಾರದಲ್ಲಿರುವವರು. ಇದನ್ನು ಮರೆಸುವ ಪರದೆಯಾಗಿ ಯಾವ ಹೊಸ ಪದ್ಧತಿಯನ್ನೂ ಬಳಸಿಕೊಳ್ಳಲು ಜನರು ಆಸ್ಪದ ಕೊಡಬಾರದು.

ಅಮೆರಿಕದ ವರ್ಗಣಿಯ ವೈದ್ಯನು ನಮಗೆ ಕಲಿಸತಕ್ಕ ಪಾಠವು ಚಿಕ್ಕದು, ಆದರೆ ಬೆಲೆಯುಳ್ಳದ್ದು. ಜ್ವರವನ್ನು ನೋಡುವವನಿಗೆ ನೇರವಾಗಿ, ಮೊದಲೇ, ಅಳತೆಯರಿತು ಕೊಡಬೇಕು. ವಿಪತ್ತಿಗೆ ಬಹುಜನರು ಕೂಡಿ ಹೆಗಲು ಕೊಡಬೇಕು. ಒಂದರ ಹಣದಿಂದ ಇನ್ನೊಂದರ ಕೆಲಸವನ್ನು ನಿರೀಕ್ಷಿಸಿದವನು ಎರಡನ್ನೂ ಕಳೆದುಕೊಳ್ಳುತ್ತಾನೆ. ನಮ್ಮ ಸಹಕಾರಿ ಸಂಘಗಳ ಮುಂದಾಳುಗಳು ಮುಂಬರುವ ವಾರ್ಷಿಕ ಸಭೆಯ ಕಾರ್ಯಪತ್ರಿಕೆಯಲ್ಲಿ ಈ ವಿಷಯಕ್ಕೆ ಒಂದು ಸಾಲಿನ ಎಡೆಯನ್ನು ಕೊಡುವರೆಂದು ನಾವು ಆಶಿಸುತ್ತೇವೆ.